ತಲೆಬರಹದಲ್ಲಿ ಲಕ್ಷ ಕೋಟಿ, ಹೊಸಬರ ಕೈಯಲ್ಲಿ ಮೂರು ಸಾವಿರ

ಮಾನ್ಯ ಸಂಪಾದಕರೇ,

2025ರ ಫೆಬ್ರುವರಿ 28ರಂದು ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಒಂದೇ ದಿನ 1,414 ಅಂಶ ಬಿತ್ತು. ಮಾರನೇ ದಿನ ಪತ್ರಿಕೆಗಳಲ್ಲೆಲ್ಲ ಹೂಡಿಕೆದಾರರ ಲಕ್ಷಾಂತರ ಕೋಟಿ ಹೋಯಿತು ಎಂದು ದಪ್ಪಕ್ಷರದ ಸುದ್ದಿ. ಪೀಣ್ಯದಲ್ಲಿ ಕೆಲಸಕ್ಕಿರುವ ನನ್ನ ತಂಗಿಯ ಮಗಳು ಅದರ ಫೋಟೊ ತೆಗೆದು ಕಳಿಸಿದಳು. ಕೆಳಗೆ ಒಂದೇ ಸಾಲು: ‘ದೊಡ್ಡಮ್ಮ, ಎಸ್‌ಐಪಿ ನಿಲ್ಲಿಸಿಬಿಡ್ಲಾ?’

ಎಸ್‌ಐಪಿ ಅಂದರೆ ತಿಂಗಳು ತಿಂಗಳು ಮ್ಯೂಚುವಲ್ ಫಂಡ್‌ಗೆ ಕಟ್ಟುವ ಕಂತು. ಅದರ ಹಿಂದಿನ ದೀಪಾವಳಿಗೆ ಶುರು ಮಾಡಿದ್ದಳು, ತಿಂಗಳಿಗೆ 3,000 ರೂಪಾಯಿ, ಸಣ್ಣ ಕಂಪನಿಗಳ ಷೇರು ಕೊಳ್ಳುವ ಒಂದು ಸ್ಮಾಲ್‌ಕ್ಯಾಪ್ ಫಂಡ್‌ಗೆ. ಅದೇ ಯಾಕೆ ಅಂದರೆ, ಆಪ್‌ನಲ್ಲಿ ಒಂದು ವರ್ಷದ ಲಾಭದ ಪಟ್ಟಿಯಲ್ಲಿ ಅದು ಮೇಲ್ಗಡೆ ಇತ್ತಂತೆ. ನಾನು ಮಾರ್ಕೆಟ್ ಬಗ್ಗೆ ಏನೂ ಹೇಳಲಿಲ್ಲ. ಈ ದುಡ್ಡು ನಿನಗೆ ಯಾವಾಗ ಬೇಕು ಎಂದಷ್ಟೇ ಕೇಳಿದೆ. ‘ಜಾಸ್ತಿ ಭಾಗ ಮದುವೆ ಖರ್ಚಿಗೆ, ಇನ್ನೆರಡು ವರ್ಷಕ್ಕೆ. ಉಳಿದ ಸಾವಿರ ಸುಮ್ನೆ ಇರಲಿ ಅಂತ’ ಎಂದಳು.

ಹಾಗಿದ್ದರೆ ಆ ಜಾಸ್ತಿ ಭಾಗ ಷೇರುಪೇಟೆಗೆ ಹೋಗಲೇಬಾರದಿತ್ತು. ಪೇಟೆ ಬಿದ್ದಿದೆ ಅಂತಲ್ಲ, ಏರುತ್ತಿದ್ದಾಗಲೂ ಅದು ಅಲ್ಲಿಗೆ ಸೇರಿದ ಹಣವಲ್ಲ. ಎರಡು ವರ್ಷಕ್ಕೆ ಬೇಕಾದ ಹಣಕ್ಕೆ ತಿಂಗಳ ಕಂತಿನ ಠೇವಣಿ, ಅಂದರೆ ಬ್ಯಾಂಕಿನ ಆರ್‌ಡಿ ಸಾಕು. (ನಮ್ಮ ಅಂಚೆ ಆರ್‌ಡಿ ಐದು ವರ್ಷದ್ದು, ನಾನೇ ಬೇಡ ಅಂದೆ.) ‘ಸುಮ್ನೆ ಇರಲಿ’ ಅನ್ನುವ ಸಾವಿರ ರೂಪಾಯಿ ಇದೆಯಲ್ಲ, ಅದನ್ನು ಮಾತ್ರ ಈಗ ನಿಲ್ಲಿಸಬೇಡ ಎಂದೆ. ಬೆಲೆ ಇಳಿದಾಗ ಅದೇ ಸಾವಿರಕ್ಕೆ ಫಂಡ್‌ನ ಜಾಸ್ತಿ ಪಾಲು, ಅಂದರೆ ಜಾಸ್ತಿ ಯೂನಿಟ್ ಸಿಗುತ್ತವೆ. ಈಗ ನಿಲ್ಲಿಸಿ, ಪೇಟೆ ಏರಿದ ಮೇಲೆ ಮತ್ತೆ ಶುರು ಮಾಡಿದರೆ ದುಬಾರಿಯಾದಾಗಷ್ಟೇ ಕೊಂಡಂತಾಗುತ್ತದೆ, ಅಲ್ವಾ?

ನಾನು ಕೆಲಸ ಮಾಡಿದ್ದು ಅಂಚೆ ಕಚೇರಿಯ ಉಳಿತಾಯದ ಕೌಂಟರಿನಲ್ಲಿ. ಅಲ್ಲಿಗೆ ಬರುವವರಿಗೆ ಒಂದೇ ಧೈರ್ಯ, ಇಲ್ಲಿ ಯಾವುದೂ ಬೀಳುವುದಿಲ್ಲ ಅಂತ. ಅಸಲು ಬೀಳುವುದಿಲ್ಲ, ನಿಜ. ಆದರೆ 1988ರಲ್ಲಿ ಕಿಸಾನ್ ವಿಕಾಸ ಪತ್ರ ಬಂದಾಗ ಹಣ ಐದೂವರೆ ವರ್ಷಕ್ಕೆ ಎರಡರಷ್ಟಾಗುತ್ತಿತ್ತು. ಈಗ 115 ತಿಂಗಳು ಬೇಕು, ಅಂದರೆ ಒಂಬತ್ತೂವರೆ ವರ್ಷದ ಮೇಲೆ. ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ ಪಿಪಿಎಫ್‌ಗೆ 2000ದ ಜನವರಿ ತನಕ ಶೇ 12 ಬಡ್ಡಿ ಇತ್ತು. 2020ರ ಏಪ್ರಿಲ್‌ನಿಂದ ಶೇ 7.1ರಲ್ಲೇ ನಿಂತಿದೆ. ಇದೂ ಇಳಿಕೆಯೇ. ಇದಕ್ಕೆ ಯಾರೂ ದಪ್ಪಕ್ಷರದ ತಲೆಬರಹ ಕೊಡಲಿಲ್ಲ, ಯಾರೂ ಫೋಟೊ ತೆಗೆದು ದೊಡ್ಡಮ್ಮನಿಗೆ ಕಳಿಸಲಿಲ್ಲ. ಹಾಗಂತ ಪಿಪಿಎಫ್ ಬೇಡ ಅನ್ನುವುದಿಲ್ಲ. ವರ್ಷಕ್ಕೆ 500 ರೂಪಾಯಿ ಕಟ್ಟಿದರೂ ಖಾತೆ ನಡೆಯುತ್ತದೆ, ಬಡ್ಡಿಗೆ ತೆರಿಗೆ ಇಲ್ಲ. ಆದರೆ ಇಪ್ಪತ್ತೈದರ ವಯಸ್ಸಿನವರು ನಿವೃತ್ತಿಗೆಂದು ಇಡುವ ಹಣವೆಲ್ಲ ಅಲ್ಲೇ ಕೂತರೆ ಬೆಲೆ ಏರಿಕೆಯ ಜೊತೆ ಓಡುವುದು ಕಷ್ಟ.

ಇನ್ನೊಂದು ಕಡೆ, ಷೇರು ಮಾರುವವರು ಹೇಳುವ ‘ದೀರ್ಘಾವಧಿ’ ಕೂಡ ಬಹಳ ಚಿಕ್ಕದು. ಐದು ವರ್ಷ ಬಿಟ್ಟರೆ ಸಾಕು, ಲಾಭ ಖಂಡಿತ ಅನ್ನುತ್ತಾರೆ. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21,000 ಮುಟ್ಟಿತ್ತು. 2009ರ ಮಾರ್ಚ್ ಹೊತ್ತಿಗೆ 8,000ದ ಆಸುಪಾಸಿಗೆ ಬಂತು. 2010ರ ನವೆಂಬರ್‌ನಲ್ಲಿ ಮತ್ತೆ 21,000 ಮುಟ್ಟಿದರೂ ನಿಲ್ಲಲಿಲ್ಲ. ಹಳೆಯ ಎತ್ತರವನ್ನು ನಿಜವಾಗಿ ದಾಟಿದ್ದು 2013ರ ಕೊನೆಗೆ. ಆ ಜನವರಿಯಲ್ಲಿ ಇದ್ದ ಹಣವನ್ನೆಲ್ಲ ಒಟ್ಟಿಗೆ ಹಾಕಿದವರು ಐದು ವರ್ಷದ ಕೊನೆಯಲ್ಲೂ ಕಾಯುತ್ತಲೇ ಇದ್ದರು. ಹಾಗಾಗಿ ಹತ್ತು ವರ್ಷ ಮುಟ್ಟದೆ ಇರಬಲ್ಲ ಹಣ ಮಾತ್ರ ಷೇರಿಗೆ ಅಂತ ನಾನು ಹೇಳುವುದು. ಅದಕ್ಕೂ ಮೊದಲು ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿರಬೇಕು. ಕೆಲಸ ಹೋದ ತಿಂಗಳೇ ಪೇಟೆಯೂ ಬಿದ್ದಿದ್ದರೆ ಮಾರದೆ ವಿಧಿಯಿಲ್ಲ.

ಬಿದ್ದಾಗ ಹೊಸಬರಿಗೆ ಬರುವ ಇನ್ನೊಂದು ಆಸೆ, 400ರ ಷೇರು 150ಕ್ಕೆ ಸಿಗುತ್ತಿದೆ, ಹಿಡಿದುಬಿಡೋಣ ಅಂತ. ಒಂದೇ ಕಂಪನಿಯಾದರೆ ಅದು ವಾಪಸ್ ಬರಲೇಬೇಕು ಅಂತೇನಿಲ್ಲ. 2009ರ ಜನವರಿಯಲ್ಲಿ ಸಾಫ್ಟ್‌ವೇರ್ ಕಂಪನಿ ಸತ್ಯಂನ ಲೆಕ್ಕಪತ್ರದ ಹಗರಣ ಹೊರಬಿದ್ದಾಗ ಆ ಷೇರು ಹಿಡಿದವರ ಗತಿ ನೆನಪಿರಬಹುದು. ಸೆನ್ಸೆಕ್ಸ್‌ನಿಂದ ಸತ್ಯಂ ಅನ್ನು ಅದೇ ತಿಂಗಳು ತೆಗೆದು ಸನ್ ಫಾರ್ಮಾವನ್ನು ಸೇರಿಸಿದರು. ಸೂಚ್ಯಂಕದಲ್ಲಿರುವ ಕಂಪನಿಗಳನ್ನೇ ಕೊಳ್ಳುವ ಇಂಡೆಕ್ಸ್ ಫಂಡ್‌ನ ಅನುಕೂಲ ಇದೇ. ಸೋತ ಕಂಪನಿ ಹೊರಗೆ ಹೋಗುತ್ತದೆ, ಬೇರೊಂದು ಒಳಗೆ ಬರುತ್ತದೆ. ನಾವು ಕೂತು ಲೆಕ್ಕಪತ್ರ ಓದಬೇಕಿಲ್ಲ. ಖರ್ಚೂ ಕಡಿಮೆ. 50 ದೊಡ್ಡ ಕಂಪನಿಗಳ ಸೂಚ್ಯಂಕ ನಿಫ್ಟಿ 50ರ ಇಂಡೆಕ್ಸ್ ಫಂಡ್ ಅನ್ನು ಏಜೆಂಟರಿಲ್ಲದೆ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನ್‌ನಲ್ಲಿ ಲಕ್ಷ ರೂಪಾಯಿಗೆ ವರ್ಷಕ್ಕೆ ಸುಮಾರು 200 ರೂಪಾಯಿ ಹೋಗಬಹುದು. ಏಜೆಂಟರ ಮೂಲಕ ಕೊಳ್ಳುವ ಎಷ್ಟೋ ಷೇರು ಫಂಡ್‌ಗಳಲ್ಲಿ ಅದು 1,500ರಿಂದ 2,000. ಡೈರೆಕ್ಟ್ ಪ್ಲಾನ್ 2013ರಿಂದಲೇ ಇದೆ. ಆದರೂ ನಮ್ಮೂರಲ್ಲಿ ಕೇಳಿ ನೋಡಿ, ಎಷ್ಟು ಮಂದಿಗೆ ಗೊತ್ತು?

ಗೊತ್ತಾಗುವುದಾದರೂ ಹೇಗೆ? ಇದೇ ಹುಡುಗಿ ಆರ್‌ಡಿ ತೆರೆಯಲು ಹೋದ ಬ್ಯಾಂಕಿನಲ್ಲಿ (ಹೆಸರು ಬೇಡ) ‘ಮಾರ್ಕೆಟ್ ಬಿದ್ದಿದೆ, ಇದೇ ಒಳ್ಳೇ ಟೈಮ್’ ಎಂದು ವಿಮೆಯೂ ಹೂಡಿಕೆಯೂ ಸೇರಿದ ಯುಲಿಪ್‌ನ ಅರ್ಜಿ ಮುಂದಿಟ್ಟರಂತೆ. ಅದರ ಹಣ ಐದು ವರ್ಷ ತೆಗೆಯಲು ಬರುವುದಿಲ್ಲ ಅನ್ನುವ ಮಾತು ಇವಳು ಕೇಳಿದ ಮೇಲೆ ಹೊರಬಂತು. ಅವಳು ಕೇಳಿದ್ದು ಎರಡು ವರ್ಷದ ಆರ್‌ಡಿ!

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಪೇಟೆ ಬಿದ್ದ ಸುದ್ದಿ ಹಾಕಿ, ಬೇಡ ಅನ್ನುವವರು ಯಾರು? ಆದರೆ ಇಷ್ಟು ಲಕ್ಷ ಕೋಟಿ ಎಂದು ಬರೆದ ಕಡೆ, ಹತ್ತು ವರ್ಷದ ಹಿಂದೆ ಇದೇ ದಿನ ಸೂಚ್ಯಂಕ ಎಷ್ಟಿತ್ತು ಅನ್ನುವ ಒಂದು ಸಾಲನ್ನೂ ಸೇರಿಸಿ. ಹಣಕಾಸಿನ ಪುಟದಲ್ಲಿ ‘ಈ ವಾರ ಕೊಳ್ಳಬಹುದಾದ ಷೇರು’ ಬದಲು ತಿಂಗಳಿಗೊಮ್ಮೆಯಾದರೂ ಯಾವ ಫಂಡ್ ಎಷ್ಟು ಖರ್ಚು ಹಿಡಿಯುತ್ತದೆ, ಅಂಚೆ ಕಚೇರಿಯ ಯೋಜನೆಗಳಿಗೆ ಈಗ ಎಷ್ಟು ಬಡ್ಡಿ ಅನ್ನುವ ಪಟ್ಟಿ ಕೊಡಿ. ಅಕ್ಷರ ಸ್ವಲ್ಪ ದೊಡ್ಡದಿರಲಿ, ನನ್ನಂಥವರೂ ಓದುತ್ತೇವೆ.

– ನಿವೃತ್ತ ಅಂಚೆ ಸಹಾಯಕಿ, ಅರಸೀಕೆರೆ