ಮಳೆ ಅಳೆಯುವವರಿದ್ದಾರೆ, ಕೇಳುವವರು ಬೇಕು

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಗುಡ್ಡ ಕುಸಿತದ ಮುನ್ನೆಚ್ಚರಿಕೆ ಸಭೆಗಳಲ್ಲಿ ‘ಜನ ಸಹಕರಿಸುವುದಿಲ್ಲ’ ಎಂಬ ಮಾತು ಬರುತ್ತದೆ. ಈ ದೂರು ಸರಿಯಲ್ಲ. ಕೊಡಗಿನ ಕಾಫಿ ಬೆಳೆಗಾರರು, ಸುಳ್ಯ, ಪುತ್ತೂರು, ಶಿರಸಿ, ಸಿದ್ದಾಪುರದ ಅಡಿಕೆ ತೋಟದವರು ಯಾರೂ ಹೇಳದೆಯೇ ಬೆಳಿಗ್ಗೆ ಎದ್ದು ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ಕೆಲವು ಮನೆಗಳಲ್ಲಿ ಅಜ್ಜನ ಕಾಲದ ಲೆಕ್ಕವೂ ಇದೆ. ಆ ಲೆಕ್ಕವನ್ನು ಕೇಳಿ ಪಡೆಯುವವರಿಲ್ಲ ಅಷ್ಟೇ.

ಪಕ್ಕದ ವಯನಾಡಿನಲ್ಲಿ ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಪರಿಸರ ಅಧ್ಯಯನ ಸಂಸ್ಥೆ ಇಂಥ ಜನರನ್ನೇ ಸೇರಿಸಿಕೊಂಡು 200ಕ್ಕೂ ಹೆಚ್ಚು ಕಡೆ ಮಳೆ ಅಳೆಸುತ್ತಿದೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಊರುಗಳು ಗುಡ್ಡ ಕುಸಿದು ಕೊಚ್ಚಿಹೋಗುವ ಹಿಂದಿನ ದಿನವೇ ಆ ಅಳತೆಗಳ ಮೇಲೆ ಅದು ಎಚ್ಚರಿಕೆ ಕೊಟ್ಟಿತ್ತು. ಹತ್ತಿರದ ಪುತ್ತುಮಲದಲ್ಲಿ 48 ಗಂಟೆಗಳಲ್ಲಿ 572 ಮಿ.ಮೀ. ಸುರಿದಿತ್ತು. ಆದರೂ ಊರು ಖಾಲಿಯಾಗಲಿಲ್ಲ. ಜನರ ಕೆಲಸ ಅಳತೆಯವರೆಗೆ ಸರಿಯಾಗಿ ನಡೆದು, ಅದರಾಚೆ ತೀರ್ಮಾನದ ಜಾಗದಲ್ಲಿ ಕಡಿದುಹೋಯಿತು.

ನಮ್ಮಲ್ಲಿ ಅಳತೆಯನ್ನೂ ಒಂದು ಕ್ರಮಕ್ಕೆ ತರಬೇಕಿದೆ. ಬೆಳೆಗಾರರು ಇಂಚು, ಸೆಂಟ್ಸ್‌ನಲ್ಲಿ ಬರೆಯುತ್ತಾರೆ, ಇಲಾಖೆ ಮಿಲಿಮೀಟರ್ ಕೇಳುತ್ತದೆ. 100 ಸೆಂಟ್ಸ್ ಎಂದರೆ ಒಂದು ಇಂಚು, ಅಂದರೆ 25.4 ಮಿ.ಮೀ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೀ ‘4’ ಎಂದು ಹಾಕಿದರೆ ಅದು 4 ಮಿಲಿಮೀಟರೋ 100 ಮಿಲಿಮೀಟರೋ ಗೊತ್ತಾಗುವುದಿಲ್ಲ. ಮಾಪಕ ಇಲ್ಲದವರು 20 ಸೆಂ.ಮೀ. ಬಾಯಿಯ ಆಲಿಕೆಯನ್ನು ಕ್ಯಾನಿಗೆ ಕೂರಿಸಿದರೆ ಸಾಕು. ಅದರಲ್ಲಿ 31.4 ಮಿಲಿಲೀಟರ್ ನೀರಿಗೆ 1 ಮಿ.ಮೀ. ಮಳೆ. 5 ಲೀಟರ್ ಕ್ಯಾನ್ ಸುಮಾರು 159 ಮಿ.ಮೀ.ಗೇ ತುಂಬಿ ಚೆಲ್ಲುತ್ತದೆ, ಲೆಕ್ಕ ಬೇಕೇಬೇಕಾದ ದಿನವೇ ಕೈಕೊಡುತ್ತದೆ. ಆದ್ದರಿಂದ 10 ಲೀಟರಿನದು ಇಡಿ. ಸೂರಿನ ಕೆಳಗೆ, ಮರದ ಬುಡದಲ್ಲಿ ಇಡಬೇಡಿ. ಬೆಳಿಗ್ಗೆ 8.30ಕ್ಕೆ ಅಳೆದರೆ ಹವಾಮಾನ ಇಲಾಖೆಯ ಲೆಕ್ಕದ ಜೊತೆ ಹೋಲಿಸಬಹುದು. ಒಂದು ದಿನದ ಅಂಕಿಗಿಂತ ಹಿಂದಿನ ಮೂರು ದಿನಗಳ ಮೊತ್ತ ಮುಖ್ಯ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಮದೆನಾಡು, ಜೋಡುಪಾಲದ ಗುಡ್ಡಗಳು ಜಾರಿದ್ದು ಜೂನ್, ಜುಲೈನಲ್ಲೇ ನೆನೆದು ಭಾರವಾಗಿದ್ದ ಮಣ್ಣಿನ ಮೇಲೆ ಮತ್ತೆ ಸುರಿದಾಗ.

ಗುಡ್ಡದ ನೆಲದಲ್ಲಿ ಬಿರುಕು ಕಂಡವರು ಫೋಟೊ ತೆಗೆದು ಸುಮ್ಮನಾಗುತ್ತಾರೆ. ಫೋಟೊದಲ್ಲಿ ಬಿರುಕು ಬೆಳೆಯುವುದು ಕಾಣುವುದಿಲ್ಲ. ಅದರ ಎರಡೂ ಬದಿಗೆ ಅರ್ಧ ಮೀಟರ್ ಬಿಟ್ಟು ಒಂದೊಂದು ಗೂಟವನ್ನು ಎರಡು ಅಡಿ ಆಳಕ್ಕೆ ಹೊಡೆದು, ತಲೆಗೆ ಮೊಳೆ ಬಡಿದು, ಮೊಳೆಯಿಂದ ಮೊಳೆಗೆ ಟೇಪ್ ಹಿಡಿಯಿರಿ. ಗೂಟ ಮೇಲುಮೇಲೆ ಇದ್ದರೆ ಮೆತ್ತಗಾದ ಮಣ್ಣಿನಲ್ಲಿ ತಾನೇ ವಾಲಿ ಸುಳ್ಳು ಲೆಕ್ಕ ಕೊಡುತ್ತದೆ. ಬಿರುಕಿನ ಅಗಲಕ್ಕಿಂತ ಅದು ಬೆಳೆಯುವ ವೇಗ ನೋಡಬೇಕು. ನಿನ್ನೆ 2 ಮಿ.ಮೀ., ಇಂದು ಬೆಳಿಗ್ಗೆ 5, ಸಂಜೆಗೆ 10 ಎಂದಾದರೆ ಕತ್ತಲಾಗುವ ಮೊದಲೇ ಮನೆ ಬಿಡಬೇಕು. ಬಿರುಕು ಹಾಗೆ ವೇಗ ಪಡೆಯದಿರುವವರೆಗೆ ಅದಕ್ಕೆ ಜೇಡಿಮಣ್ಣು ತುಂಬಿ, ಮೇಲೆ ಟಾರ್ಪಾಲ್ ಹೊದೆಸಿ ನೀರು ಇಳಿಯದಂತೆ ನೋಡಿಕೊಳ್ಳಿ. ತಿಳಿಯಾಗಿದ್ದ ಒರತೆ ಕೆಂಪಗಾದರೆ, ಜೋರು ಮಳೆಯಲ್ಲೂ ಹಳ್ಳದ ನೀರು ಏಕಾಏಕಿ ಇಳಿದರೆ ಅಳತೆಗೆ ಕಾಯಬೇಡಿ, ಹಳ್ಳದ ದಾರಿ ಬಿಟ್ಟು ಪಕ್ಕಕ್ಕೆ ಓಡಿ.

ಒಳ್ಳೆಯ ಮನಸ್ಸಿನ ಕೆಲಸವೂ ಕೆಲವೊಮ್ಮೆ ತಿರುಗುಬಾಣವಾಗುತ್ತದೆ. ಸಂಘ ಸಂಸ್ಥೆಯವರು ಉತ್ಸಾಹದಿಂದ ಬಂದು ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿ ತೋಡುತ್ತಾರೆ. ಬಯಲುಸೀಮೆಗೆ ಅದು ವರ, ಇಲ್ಲಿ ಅಪಾಯ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದ ಮೇಲೆ ಅಲ್ಲಿನ ಇಂಗುಗುಂಡಿಗಳ ಬಗ್ಗೆ ಚರ್ಚೆ ಎದ್ದದ್ದು ಮರೆಯುವಂಥದ್ದಲ್ಲ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಕೆಳಗಿರುವ ಮೆತ್ತನೆಯ ಶೇಡಿ ಮಣ್ಣು ನೀರು ಕುಡಿದರೆ ಹಿಡಿತ ಕಳೆದುಕೊಳ್ಳುತ್ತದೆ. ಇಂಥ ಕಡೆ ಮೇಲಿನ ನೀರನ್ನು ಧರೆಯ (ಕಡಿದಾದ ಮಣ್ಣಿನ ಬದಿಯ) ನೆತ್ತಿಯಲ್ಲೇ ಕಣಿ, ಅಂದರೆ ಕಾಲುವೆ ತೆಗೆದು, ಮೆಲ್ಲಗೆ ಪಕ್ಕದ ಹಳ್ಳಕ್ಕೆ ದಾಟಿಸಬೇಕು. ಶ್ರಮದಾನಕ್ಕೆ ಬರುವವರಿಗೆ ಮೇ ತಿಂಗಳಲ್ಲಿ ಕೊಡಬೇಕಾದ ಕೆಲಸ ಇದು. ಕಣಿಯಲ್ಲಿ ತರಗೆಲೆ ಕಟ್ಟಿಕೊಂಡರೆ ನೀರು ಅಲ್ಲೇ ಇಂಗುತ್ತದೆ, ಆದ್ದರಿಂದ ಆಟಿ ತಿಂಗಳು (ಆಗಸ್ಟ್ ಮಧ್ಯ) ಮುಗಿಯುವವರೆಗೂ ವಾರಕ್ಕೊಮ್ಮೆ ಯಾರಾದರೂ ಗುದ್ದಲಿ ಹಿಡಿದು ನೋಡಿ ಬರಬೇಕು. ಬುಡವನ್ನು ಜೆಸಿಬಿಯಲ್ಲಿ ಕಡಿದ ಗುಡ್ಡವನ್ನು ಮಾತ್ರ ಯಾವ ಶ್ರಮದಾನವೂ ನಿಲ್ಲಿಸದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಬದಿ ಅದನ್ನು ಕಂಡಿದ್ದೇವೆ.

ಇಷ್ಟು ಗೊತ್ತಿದ್ದೂ ಬಿರುಕನ್ನು ಮುಚ್ಚಿಡುವ ಮನೆಗಳಿವೆ. ಹೇಳಿದರೆ ಮನೆ ಖಾಲಿ ಮಾಡಿ ಎಂಬ ನೋಟಿಸ್ ಬರುತ್ತದೆ, ಬೇರೆ ಮನೆಯಲ್ಲಿರಲು ಬಾಡಿಗೆ ಹಣ ಬರುವುದಿಲ್ಲ. ಬೀಳದ ಮನೆಗೆ ಪರಿಹಾರವೂ ಕಷ್ಟ. ಜಾಗದ ಬೆಲೆ ಇಳಿಯುತ್ತದೆ. ಹಟ್ಟಿಯಲ್ಲಿ ದನ ಬಿಟ್ಟು ಶಾಲೆಯಲ್ಲಿ ಮಲಗಲು ಯಾರಿಗೂ ಮನಸ್ಸು ಬಾರದು. ಈ ಭಯಗಳಿಗೆ ಉತ್ತರ ಸಿಕ್ಕಿದರೆ ಜನ ತಾವಾಗಿಯೇ ಮುಂದೆ ಬರುತ್ತಾರೆ.

ಮಳೆ ಹಿಡಿಯುವ ಮೊದಲು ಪ್ರತಿ ಗ್ರಾಮಸಭೆಯಲ್ಲಿ ಕೆಲವು ವಿಷಯ ಬರಹದಲ್ಲಿ ತೀರ್ಮಾನವಾಗಲಿ. ವಾರ್ಡಿಗೆ ಇಬ್ಬರು ಅಳೆಯುವವರು ಯಾರು, ಅವರ ಸಂದೇಶಕ್ಕೆ ಅಂದೇ ಉತ್ತರಿಸುವವರು ಯಾರು, ರಾತ್ರಿ ಎರಡು ಗಂಟೆಗೆ ಮನೆ ಬಿಡಿಸುವ ಅಧಿಕಾರ ಯಾರದು, ಶಾಲೆಯ ಬೀಗದ ಕೈ ಯಾರ ಬಳಿ, ದನಗಳನ್ನು ಕಟ್ಟುವ ಜಾಗ ಎಲ್ಲಿ, ಮುಂಜಾಗ್ರತೆಗೆ ಮನೆ ಬಿಟ್ಟವರ ಬಾಡಿಗೆ ಯಾವ ಲೆಕ್ಕದಿಂದ. ಈ ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಬೇಕೆಂದು ಜಿಲ್ಲಾಡಳಿತಗಳನ್ನು ಕೋರುತ್ತೇವೆ.

– ಮಡಿಕೇರಿ ತಾಲ್ಲೂಕಿನ ಓದುಗರು