ಬೆಂಗಳೂರಿನ ಲೆಕ್ಕ ವಿಜಯಪುರದ ಮಾಳಿಗೆಗೆ ನಡೆಯುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ವಾರದ ಪುರವಣಿಯಲ್ಲಿ ಕುಂಡದಲ್ಲಿ ಬೆಳೆಸುವ ಚಿಕ್ಕ ಕೋನಿಫರ್ (ಪೈನ್, ಸೈಪ್ರಸ್ ಜಾತಿಯ) ಗಿಡಗಳ ಬಗ್ಗೆ ಬರಹ ಬಂದಿತ್ತು. ಫೋಟೋಗಳು ಚೆಂದ ಇದ್ದವು. ಆದರೆ ದಿನವಿಡೀ ಬಿಸಿಲು ಬೀಳುವ ಕಡೆ ಇಡಿ, ವಾರಕ್ಕೆರಡು ಸಲ ನೀರು ಹಾಕಿ ಎಂಬ ಸಲಹೆ 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ಸರಿ, ನಮ್ಮ ವಿಜಯಪುರಕ್ಕಲ್ಲ. ಇಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುತ್ತದೆ. ಮಧ್ಯಾಹ್ನ ಆರ್‌ಸಿಸಿ ಮಾಳಿಗೆ ಮೇಲೆ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ, ಅಂಥಲ್ಲಿ ಕಪ್ಪು ಪ್ಲಾಸ್ಟಿಕ್ ಕುಂಡದೊಳಗಿನ ಬೇರು ಬೇಯದೇ ಇರುತ್ತದಾ?

ಚಳಿಗಾಲದಲ್ಲಿ ನಮ್ಮ ನರ್ಸರಿಗಳಿಗೆ ಈ ಗಿಡಗಳು ಬರುತ್ತವೆ. ಮೋರಪಂಖಿ, ಜುನಿಪರ್, ಮುಟ್ಟಿದರೆ ನಿಂಬೆ ವಾಸನೆ ಬರುವ ಹಳದಿ ಸೈಪ್ರಸ್, ಮತ್ತೆ ಕ್ರಿಸ್‌ಮಸ್ ಗಿಡ ಎಂದು ಕೊಡುವ ಅರಕೇರಿಯಾ. ಡಿಸೆಂಬರಿನಲ್ಲಿ ಎಲ್ಲವೂ ಹಚ್ಚಗೆ ಇರುತ್ತವೆ. ಬಿಸಿಲು ತಡೀತಾವೇನು ಅಂತ ಕೇಳಿದರೆ ಒಂದೇ ಉತ್ತರ, "ಎಲ್ಲಾ ತಡೀತಾವ್ರೀ". ಹೇಗೆ ತಡೀತಾವೆ? ಆ ಹಳದಿ ಸೈಪ್ರಸ್‌ನ ಮೂಲ ಕ್ಯಾಲಿಫೋರ್ನಿಯಾದ ಮಂಜು ಕವಿಯುವ ಕಡಲತೀರ. ಅರಕೇರಿಯಾ ಆಸ್ಟ್ರೇಲಿಯಾದ ಪೂರ್ವಕ್ಕೆ ಸಮುದ್ರದ ನಡುವೆ ಇರುವ ನಾರ್ಫೋಕ್ ದ್ವೀಪದ್ದು, ಅದಕ್ಕೆ ತೇವದ ಗಾಳಿ ಬೇಕು. ನಮ್ಮ ಬಿಸಿಲಿಗೆ ಧೈರ್ಯವಾಗಿ ಬಿಡಬಹುದಾದದ್ದು ಚೀನಾ ಮೂಲದ ಮೋರಪಂಖಿ ಒಂದೇ, ಅದು ಒಣ ಹವೆಗೂ ಸುಣ್ಣದ ಅಂಶದ ಮಣ್ಣಿಗೂ ಹೊಂದಿಕೊಳ್ಳುತ್ತದೆ. ಉಳಿದವಕ್ಕೆ ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನ ಗೋಡೆಯ ನೆರಳೋ ಹಸಿರು ನೆಟ್ಟೋ ಬೇಕೇ ಬೇಕು.

ಪುರವಣಿಯಲ್ಲಿ ಬಿಟ್ಟುಹೋದ ಇನ್ನೊಂದು ಮಾತಿದೆ, ನನ್ನ ಪ್ರಕಾರ ಅದೇ ಮುಖ್ಯ. ಬದನೆ ಗಿಡ ನೀರು ಕಡಿಮೆಯಾದರೆ ಸಂಜೆಯೊಳಗೆ ಎಲೆ ಜೋತುಬಿಟ್ಟು ತೋರಿಸುತ್ತದೆ, ಇವು ಹಾಗಲ್ಲ. ಬೇರು ಒಣಗಿ ವಾರಗಳಾದರೂ ಮೇಲೆ ಹಸಿರಾಗಿಯೇ ಕಾಣುತ್ತವೆ, ಕಂದು ಬಣ್ಣ ಕಾಣಿಸಿಕೊಳ್ಳುವ ಹೊತ್ತಿಗೆ ಗಿಡ ಸತ್ತೇ ಹೋಗಿರುತ್ತದೆ, ಆಮೇಲೆ ಕೊಡಗಟ್ಟಲೆ ನೀರು ಹಾಕಿದರೂ ಅಷ್ಟೇ. ಹಾಗಾಗಿ ಎಲೆ ನೋಡಬೇಡಿ, ಕುಂಡದೊಳಗೆ ಬೆರಳು ಇಳಿಸಿ ನೋಡಿ. ಬೇಸಿಗೆಯಲ್ಲಿ ದಿನಾ ನೋಡಬೇಕು.

ಮಣ್ಣಿನದೂ ಅದೇ ಕಥೆ. ಸುಮ್ನೆ ಹೊಲದ ಎರೆ (ಕಪ್ಪು) ಮಣ್ಣು ತಂದು ತುಂಬಿದರೆ ಒಣಗಿದಾಗ ಬಿರಿದು ಕುಂಡದ ಗೋಡೆ ಬಿಡುತ್ತದೆ, ಹಾಕಿದ ನೀರು ಪಕ್ಕದಲ್ಲೇ ಇಳಿದು ಹೋಗುತ್ತದೆ, ಬೇರಿಗೆ ಸಿಗುವುದಿಲ್ಲ. ಮಳೆಗಾಲದಲ್ಲಿ ಅದೇ ಮಣ್ಣು ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ. ಮಸಾರಿ (ಕೆಂಪು) ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಕೂಡಿಸಿ ತುಂಬಿದರೆ ಚಿಂತೆ ಇಲ್ಲ. ಕುಂಡ ಮಣ್ಣಿನದಿರಲಿ, ಹೊರಗೆ ಸುಣ್ಣ ಬಳಿಯಿರಿ, ಕೆಳಗೆ ಎರಡು ಇಟ್ಟಿಗೆ ಇಡಿ. ಬೋರಿನ ಸವಳು ನೀರೇ ಹಾಕುತ್ತಿದ್ದರೆ ಕುಂಡದ ಅಂಚಿಗೆ ಬಿಳಿ ಪದರ ಕಟ್ಟುತ್ತದೆ, ಮಳೆ ನೀರು ಸಿಕ್ಕಾಗ ಅದನ್ನೇ ಧಾರಾಳವಾಗಿ ಹಾಕಿ ಉಪ್ಪು ತೊಳೆದು ಹೋಗಲು ಬಿಡಬೇಕು.

ಒಣ ಹವೆಗೆ ಕೆಂಪು ನುಸಿಯೂ ಬರುತ್ತದೆ. ಬಿಳಿ ಹಾಳೆ ಮೇಲೆ ಟೊಂಗೆ ತಟ್ಟಿ, ಸಣ್ಣ ಚುಕ್ಕೆಗಳು ಓಡಾಡಿದರೆ ಅದೇ. ಮುಂಜಾನೆ ಜೋರಾಗಿ ನೀರು ಹೊಡೆದರೆ ಬಹಳಷ್ಟು ಹೋಗುತ್ತವೆ, ಔಷಧಿ ಆಮೇಲೆ. ಕತ್ತರಿ ಹಾಕುವವರು ಹಸಿರು ಇರುವಷ್ಟಕ್ಕೇ ನಿಲ್ಲಿಸಬೇಕು, ಬೋಳು ಕಟ್ಟಿಗೆಯಿಂದ ಮತ್ತೆ ಚಿಗುರುವುದು ಅಪರೂಪ. ಅರಕೇರಿಯಾದ ತುದಿ ಕತ್ತರಿಸಿದರಂತೂ ಅದರ ಅಂದವೇ ಹೋಯಿತು.

ಬೆಳಗಾವಿಯವರಿಗೆ ಇಷ್ಟು ಕಷ್ಟ ಇಲ್ಲ ಬಿಡಿ, ಎತ್ತರವೂ ಇದೆ, ಮಳೆಯೂ ಜಾಸ್ತಿ.

ನನ್ನ ಕೋರಿಕೆ ಇಷ್ಟೇ. ಪಕ್ಕದ ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಅಲ್ಲಿಯ ತಜ್ಞರನ್ನು ಕೇಳಿ ನಮ್ಮ ಬಿಸಿಲು, ನಮ್ಮ ನೀರಿಗೆ ತಕ್ಕ ಹಾಗೆ ಒಂದು ಬರಹ ಹಾಕಿ. ನರ್ಸರಿಯವರೂ ಗಿಡಕ್ಕೆ ಬೆಲೆ ಚೀಟಿ ಕಟ್ಟುವಾಗ ಗಿಡದ ಹೆಸರು, ಎಷ್ಟು ಬಿಸಿಲು ತಡೆಯುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆಯಲಿ. ಬರಹ ನವೆಂಬರಿನಲ್ಲೇ ಬಂದರೆ ಒಳ್ಳೆಯದು, ಜನ ಗಿಡ ಕೊಳ್ಳುವುದು ಆಮೇಲೆ ಅಲ್ವಾ.

ಇಂತಿ,
ನಿಮ್ಮ ಓದುಗ, ವಿಜಯಪುರ