ಅಜ್ಜಿ ಹಾಡುವಾಗ ಫೋನ್ ಆನ್ ಮಾಡು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜಿಗೆ ಎರಡು ಸಾಲಿನ ಉತ್ತರ ಕೊಡೋಕೆ ಮನಸ್ಸು ಬರಲಿಲ್ಲ, ಅದಕ್ಕೇ ಕೂತು ಉದ್ದಕ್ಕೆ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡವರು ಇನ್ನೂ ಸುಮಾರು ಜನ ಇದ್ದಾರೆ ಅನ್ನಿಸಿ ಎಲ್ಲರೂ ಓದೋ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು, ಊರು ಎಲ್ಲೂ ಹೇಳಿಲ್ಲ, ಬೇಜಾರು ಮಾಡ್ಕೋಬೇಡ.

"ಅಜ್ಜಿಗೆ ತುಂಬಾ ಪದ ಬರುತ್ತೆ, ಬರೆದಿಡೋಣ ಅಂತಿದ್ದೀನಿ, ಆದರೆ ನಾನೇನು ಜಾನಪದ ಓದಿದವನಲ್ಲವಲ್ಲ" ಅಂತ ಕೇಳಿದ್ದೀಯ. ಆ ಕೊನೆಯ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕು. ಕೊಡಗಿನ ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದವರು. ಆ ಕೆಲಸದ ನಡುವೆಯೇ ಕೊಡವರ ಹಾಡು, ಗಾದೆ, ಕಟ್ಟುಪಾಡುಗಳನ್ನೆಲ್ಲ ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ತಂದರು. ಬಿಜಾಪುರ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಸೇರಿ ತಮ್ಮ ಸುತ್ತಿನ ಹೆಂಗಸರ ಪದಗಳನ್ನು ಕೇಳಿ ಕೇಳಿ ಬರೆದುಕೊಂಡರು, ಅದು 1931ರಲ್ಲಿ 'ಗರತಿಯ ಹಾಡು' ಆಯಿತು. ರಾಮನಗರದಲ್ಲಿ ಜಾನಪದ ಲೋಕ ಅನ್ನೋ ಜಾನಪದ ವಸ್ತುಸಂಗ್ರಹಾಲಯ ಕಟ್ಟಿದ ಎಚ್.ಎಲ್. ನಾಗೇಗೌಡರು ಸರ್ಕಾರಿ ಅಧಿಕಾರಿ. ಇವರೆಲ್ಲ ಯಾರ ಅಪ್ಪಣೆಗೂ ಕಾಯಲಿಲ್ಲ. ತಮ್ಮ ಊರಿನ ಮಾತು ಗೊತ್ತಿತ್ತು, ಕೇಳುವ ತಾಳ್ಮೆ ಇತ್ತು, ಅಷ್ಟೇ. ನಿನಗೆ ಅವೆರಡೂ ಇವೆ. ಅದೂ ಅಲ್ಲದೆ ಹಾಡುವವಳು ನಿನ್ನ ಸ್ವಂತ ಅಜ್ಜಿ. ಯಾವ ಸಂಶೋಧಕ ಬಂದು ಕೂತರೂ ನಿನ್ನ ಮುಂದೆ ಬಾಯಿ ಬಿಟ್ಟ ಹಾಗೆ ಅವಳು ಅವನ ಮುಂದೆ ಬಿಡೋದಿಲ್ಲ.

ಆದರೆ ಬರೀ ಬರೆದಿಡಬೇಡ. ನಾನು ಇಷ್ಟುದ್ದ ಬರೆಯೋಕೆ ಕೂತಿದ್ದೇ ಇದನ್ನು ಹೇಳೋಕೆ. ಹಲಸಂಗಿಯವರ ಕೈಯಲ್ಲಿ ಪೆನ್ನು ಕಾಗದ ಬಿಟ್ಟು ಬೇರೇನೂ ಇರಲಿಲ್ಲ, ಆದ್ದರಿಂದ ನಮಗೆ ಮಾತು ಉಳಿಯಿತು, ಧಾಟಿ ಉಳಿಯಲಿಲ್ಲ. ಹಳೆಯ ಸಂಗ್ರಹಗಳನ್ನು ತೆಗೆದು ನೋಡು, ಎಷ್ಟೋ ಕಡೆ ಹಾಡಿದವಳ ಹೆಸರೇ ಇರೋದಿಲ್ಲ. ಎಷ್ಟು ವಯಸ್ಸು, ಯಾರಿಂದ ಕಲಿತಳು, ಯಾವ ಊರಿಂದ ಸೊಸೆಯಾಗಿ ಬಂದಳು, ಒಂದೂ ಇಲ್ಲ. ಹೆಣ್ಣುಮಕ್ಕಳ ಪದ ತವರಿಂದ ಗಂಡನ ಮನೆಗೆ ಬರುತ್ತೆ, ಅಲ್ಲಿಯ ಪದಗಳ ಜೊತೆ ಸೇರುತ್ತೆ, ಮಗಳ ಜೊತೆ ಇನ್ನೊಂದು ಊರಿಗೆ ಹೋಗುತ್ತೆ. ಹಾಡಿದವಳ ಹೆಸರು, ತವರು ಗೊತ್ತಿಲ್ಲದಿದ್ದರೆ ಆ ದಾರಿಯೇ ಅಳಿಸಿಹೋಗುತ್ತೆ. ಆಗಿನವರಿಗೆ ಟೇಪ್ ಇರಲಿಲ್ಲ, ಸರಿ. ನಿನ್ನ ಜೇಬಲ್ಲೇ ಫೋನಿದೆಯಲ್ಲ!

ಇನ್ನೊಂದು ವಿಷಯ. "ಅಜ್ಜಿ, ಒಂದು ಬೀಸೋ ಪದ ಹೇಳಜ್ಜಿ" ಅಂತ ಸೋಫಾ ಮೇಲೆ ಕೂರಿಸಿ ಕೇಳಬೇಡ. ಎರಡು ಸಾಲು ಹೇಳಿ "ಮರೆತೋಯ್ತು ಕಣಪ್ಪಾ" ಅಂತಾಳೆ. ನಿಮ್ಮ ಮನೆಯ ಹಿತ್ತಿಲಲ್ಲಿ ರಾಗಿಕಲ್ಲು ಇನ್ನೂ ಇದೆ ಅಂದಿದ್ದೆ ತಾನೆ? ಅದನ್ನು ತೊಳೆದು ನೆರಳಿಗೆ ಹಾಕಿಸು. ಒಂದು ಮೊರ ರಾಗಿ ತಂದಿಡು, ಜೊತೆಗೆ ಕೂರೋಕೆ ಅವಳ ವಾರಗೆಯ ಇನ್ನೊಬ್ಬಳನ್ನು ಕರೆ. ಎದುರುಬದುರು ಕೂತು ಇಬ್ಬರೂ ಗೂಟ ಹಿಡಿದು ಕಲ್ಲು ತಿರುಗೋಕೆ ಶುರುವಾದ ಮೇಲೆ ನೋಡು. ಮೊದಲ ಎರಡು ಸುತ್ತು ಬರೀ ಕಲ್ಲಿನ ಸದ್ದು. ಆಮೇಲೆ ಒಬ್ಬಳು ಸಣ್ಣದಾಗಿ ಎತ್ತಿಕೊಳ್ಳುತ್ತಾಳೆ, ಇನ್ನೊಬ್ಬಳು ಸಾಲಿನ ಕೊನೆ ಹಿಡಿಯುತ್ತಾಳೆ, ಕಲ್ಲು ಒಂದು ಸುತ್ತು ಬರೋ ಹೊತ್ತಿಗೆ ಸರಿಯಾಗಿ ಸಾಲು ಮುಗಿದಿರುತ್ತೆ. ನಮ್ಮ ಮನೆಯಲ್ಲಿ ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಬಾಯಿಗೆ ಮರೆತದ್ದು ತೋಳಿಗೆ ನೆನಪಿರುತ್ತೆ. ಮೂರು ಸಾಲಿನ ತ್ರಿಪದಿ ಅಂತ ನಾವು ಶಾಲೆಯಲ್ಲಿ ಓದಿದ್ದು ಅದೇ, ಅಲ್ವಾ, ಆದರೆ ಕಲ್ಲು ತಿರುಗುವಾಗ ಮೂರನೇ ಸಾಲಿಗೆ ಮುಂಚೆ ಎರಡನೆಯದರ ತುದಿಯನ್ನು ಅವರು ಮತ್ತೆ ಎಳೆದು ಹೇಳುತ್ತಾರೆ, ಅದು ಅಚ್ಚಿನಲ್ಲಿ ಕಾಣೋದಿಲ್ಲ. ಮಿಲ್ಲು ಬಂದ ಮೇಲೆ ನಿಂತದ್ದು ಬರೀ ಬೀಸೋದಲ್ಲ, ಈ ಪದಗಳಿಗೆ ಇದ್ದ ಜಾಗವೇ ಹೋಯಿತು. ನಾಟಿ ಮಾಡೋಕೆ ಯಂತ್ರ ಬಂದ ಕಡೆ ನಾಟಿ ಪದಗಳ ಗತಿಯೂ ಅದೇ.

ಹಾಡು ಮುಗಿದ ತಕ್ಷಣ ಆಫ್ ಮಾಡಬೇಡ. ಅಸಲಿ ಮಾತು ಆಮೇಲೆ ಬರುತ್ತೆ. "ಇದನ್ನ ನಮ್ಮತ್ತೆ ಹಿಂಗೆ ಹೇಳ್ತಿರ್ಲಿಲ್ಲ", "ಇದು ಮದುವೆ ಮನೇಲಿ ಹೇಳಬಾರದು" ಅಂತ ಸುಮ್ನೆ ಹೇಳಿಬಿಡುತ್ತಾರೆ. ಅಂಥ ಒಂದೊಂದು ಮಾತೂ ಬೇಕು.

ನಮ್ಮ ಸೀಮೆಯ ದೊಡ್ಡ ಕಥೆಗಳ ವಿಷಯಕ್ಕೆ ಬರುತ್ತೇನೆ. ಮಾದಪ್ಪನ, ಅಂದರೆ ಮಲೆ ಮಹದೇಶ್ವರನ ಕಥೆಯನ್ನು ಅವನ ಒಕ್ಕಲಾದ ದೇವರಗುಡ್ಡರು ಕಂಸಾಳೆ ಅನ್ನೋ ಕಂಚಿನ ತಾಳ ಹಿಡಿದು ಹಾಡುತ್ತಾರೆ, ಮಂಟೇಸ್ವಾಮಿ ಮತ್ತು ಅವನ ಶಿಷ್ಯ ಸಿದ್ದಪ್ಪಾಜಿಯ ಕಥೆಯನ್ನು ಅವರ ಒಕ್ಕಲಾದ ನೀಲಗಾರರು ತಂಬೂರಿ ಹಿಡಿದು ಹಾಡುತ್ತಾರೆ. ಇವು ಪುಸ್ತಕವಾಗಿ ಬಂದಿವೆ, ಹಾಗಾಗಿ "ಎಲ್ಲಾ ಆಗಿದೆಯಲ್ಲ, ಇನ್ನೇನು" ಅನ್ನೋರು ಜಾಸ್ತಿ. ನಾನು ಒಪ್ಪೋದಿಲ್ಲ. ಮಾದಪ್ಪನ ಕಥೆಯಲ್ಲಿ ಬರೋ ಸಂಕಮ್ಮನ ಭಾಗವನ್ನೇ ತಗೋ. ಗಂಡ ನೀಲೇಗೌಡ ಕಾಡಿಗೆ ಹೊರಡುವ ಮುಂಚೆ, ನಾನಿಲ್ಲದಾಗ ನೆಟ್ಟಗಿರುತ್ತೀನಿ ಅಂತ ಭಾಷೆ ಕೊಡು ಅನ್ನುತ್ತಾನೆ. ಅವಳು ಕೊಡೋದಿಲ್ಲ. ಅವನು ಅವಳನ್ನು ಹಿಂಸೆ ಮಾಡಿ ಗುಡಿಸಲಲ್ಲಿ ಕೂಡಿಹಾಕಿ ಹೋಗುತ್ತಾನೆ, ಕೊನೆಗೆ ಮಾದಪ್ಪ ಬಂದು ಮಕ್ಕಳ ಫಲ ಕೊಡುತ್ತಾನೆ. ಪುಸ್ತಕದಲ್ಲಿ ಇದು ಕಥೆ. ನಾನು ಕೇಳಿದ್ದು ಒಂದು ಮನೆಯ ಪಡಸಾಲೆಯಲ್ಲಿ, ಹರಕೆ ಹೊತ್ತು ಕಥೆ ಮಾಡಿಸುತ್ತಿದ್ದರು. ಭಾಷೆ ಕೇಳುವ ಜಾಗಕ್ಕೆ ಬಂದಾಗ ಹಾಡುವವರು ಕಂಸಾಳೆ ನಿಲ್ಲಿಸಿದರು. ಗೋಡೆಗೆ ಒರಗಿ ಕೂತಿದ್ದ ಹೆಂಗಸರ ಕಡೆ ತಿರುಗಿ, "ಏನವ್ವಾ, ಕೊಡ್ಬೇಕಾ ಭಾಷೆಯ?" ಅಂದರು. ಒಬ್ಬ ವಯಸ್ಸಾದ ಹೆಂಗಸು ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ "ಯಾಕ್ ಕೊಡ್ಬೇಕು, ಅವನೇನ್ ಕೊಟ್ಟಿದ್ದಾನಾ?" ಅಂದಳು. ಎಲ್ಲರೂ ನಕ್ಕರು, ಹಿಮ್ಮೇಳದವರು ಸೊಲ್ಲು ಎತ್ತಿಕೊಂಡರು, ಸಂಕಮ್ಮ ಆ ರಾತ್ರಿ ಹತ್ತು ನಿಮಿಷ ಜಾಸ್ತಿಯೇ ವಾದ ಮಾಡಿದಳು. ಆ ಹತ್ತು ನಿಮಿಷ ಯಾವ ಪುಸ್ತಕದಲ್ಲೂ ಇಲ್ಲ, ಇರೋಕೂ ಸಾಧ್ಯವಿಲ್ಲ, ಆ ಹೆಂಗಸು ಕೇಳಿದ್ದಕ್ಕೇ ಅದು ಹುಟ್ಟಿದ್ದು. ಹಾಗಾಗಿ ಒಂದು ಸಲ ಅಚ್ಚಾದ ಕಥೆಯನ್ನು ಹತ್ತು ಸಲ ರೆಕಾರ್ಡ್ ಮಾಡಿದರೂ ತಪ್ಪಿಲ್ಲ.

ಈಗ ವೇದಿಕೆಗಳಲ್ಲಿ ಬೀಸು ಕಂಸಾಳೆಗೆ, ಅಂದರೆ ಕಂಸಾಳೆ ಬೀಸುತ್ತಾ ಕುಣಿಯೋದಕ್ಕೆ ಸ್ವಲ್ಪ ಹೊತ್ತು ಕೊಡುತ್ತಾರೆ, ಕುಣಿತ ಚೆನ್ನಾಗಿ ಕಾಣುತ್ತೆ, ಚಪ್ಪಾಳೆ ಬೀಳುತ್ತೆ. ಹುಡುಗರು ಕಲಿಯುತ್ತಿದ್ದಾರೆ, ಸಂತೋಷ. ಆದರೆ ರಾತ್ರಿಯೆಲ್ಲ ಕೂತು ಕಥೆ ನಡೆಸೋಕೆ ಬರುವವರು ಬೇರೆ. ಅವರಲ್ಲಿ ಹೆಚ್ಚಿನವರಿಗೆ ವಯಸ್ಸಾಗಿದೆ. ನನಗೆ ಚಿಂತೆ ಇರೋದು ಅವರದ್ದು.

ದೊಡ್ಡ ಪ್ರಮಾಣದಲ್ಲಿ ಈ ಕೆಲಸ ಹೇಗೆ ಮಾಡಬಹುದು ಅನ್ನೋಕೆ ತುಳುನಾಡಿನ ಸಿರಿ ಸಂಧಿಯನ್ನು, ಸಿರಿ ಅನ್ನೋ ಹೆಣ್ಣಿನ ಕಥೆ ಹೇಳುವ ತುಳು ಮಹಾಕಾವ್ಯವನ್ನು ನೋಡಬೇಕು. ಉಜಿರೆ ಹತ್ತಿರದ ಮಾಚಾರು ಗೋಪಾಲ ನಾಯ್ಕರು ಅದನ್ನು 1990ರಲ್ಲಿ ಹಾಡಿ ಹೇಳಿದರು. ಫಿನ್‌ಲ್ಯಾಂಡಿನ ಲೌರಿ ಹಾಂಕೊ, ನಮ್ಮವರಾದ ವಿವೇಕ ರೈ, ಚಿನ್ನಪ್ಪ ಗೌಡರು ಕೂತು ದಾಖಲಿಸಿದರು. 15,683 ಸಾಲು. ಅಚ್ಚಾಗಿ ಬಂದದ್ದು 1998ರಲ್ಲಿ. ನಡುವೆ ಎಷ್ಟು ವರ್ಷ ಹಿಡಿಯಿತು ನೋಡು, ಕೇಳಿದ್ದನ್ನು ಬರಹಕ್ಕೆ ಇಳಿಸೋದು ಅಷ್ಟು ನಿಧಾನದ ಕೆಲಸ. ನನಗೆ ಅದರಲ್ಲಿ ಎಲ್ಲಕ್ಕಿಂತ ಇಷ್ಟವಾಗೋದು, ಇದು ಗೋಪಾಲ ನಾಯ್ಕರು ಹಾಡಿದ ಸಿರಿ ಅಂತ ಅವರ ಹೆಸರು ಕೃತಿಯ ಜೊತೆಗೇ ನಿಂತಿರುವುದು.

ಬರಹಕ್ಕೆ ಇಳಿಸುವಾಗ ದಯವಿಟ್ಟು ತಿದ್ದಬೇಡ. ಅಜ್ಜಿ "ಹಟ್ಟಿ"ಯನ್ನು "ಅಟ್ಟಿ" ಅಂದರೆ "ಅಟ್ಟಿ" ಅಂತಲೇ ಬರೆ. ಒಂದು ಸಾಲು ಅರ್ಥವಾಗದಿದ್ದರೆ ನಿನಗೆ ತೋಚಿದ್ದನ್ನು ತುಂಬಬೇಡ, ಖಾಲಿ ಬಿಟ್ಟು ಅವಳನ್ನೇ ಕೇಳು. ಬೈಗುಳ ಬಂದರೆ, ಜಾತಿಯ ಮಾತು ಬಂದರೆ, ಅತ್ತೆಯನ್ನು ಹಳಿಯುವ ಸಾಲು ಬಂದರೆ, ಅದನ್ನೂ ಹಾಗೇ ಇಟ್ಟುಕೋ. ಎಲ್ಲರಿಗೂ ತೋರಿಸಬೇಕೋ ಬೇಡವೋ ಅನ್ನೋದು ಬೇರೆ ಪ್ರಶ್ನೆ, ಆದರೆ ಮೂಲದಿಂದ ಕತ್ತರಿಸಿದ್ದು ಮತ್ತೆ ಸಿಗೋದಿಲ್ಲ.

ತೋರಿಸೋ ವಿಷಯ ಬಂತಲ್ಲ, ಅಪ್ಪಣೆ ಕೇಳು. ಅಜ್ಜಿಯೇ ಆದರೂ ಕೇಳು. ಯೂಟ್ಯೂಬಿಗೆ ಹಾಕಿದರೆ ಯಾರು ಬೇಕಾದರೂ ನೋಡುತ್ತಾರೆ ಅಂತ ಬಿಡಿಸಿ ಹೇಳು. ಸತ್ತವರ ಮೇಲೆ ಅಳುತ್ತಾ ಹಾಡುವ ಪದಗಳನ್ನು ಹಬ್ಬದ ದಿನ ಕೇಳೋಕೆ ಹೋಗಬೇಡ, ಅವಳಾಗಿ ಹೇಳಿದರೆ ಕೇಳಿಸಿಕೋ. ನೀಲಗಾರರನ್ನೋ ದೇವರಗುಡ್ಡರನ್ನೋ ಕರೆಸಿದರೆ ಸರಿಯಾಗಿ ದುಡ್ಡು ಕೊಡು, ಒಂದು ಶಾಲು ಹೊದಿಸಿ ಕಳಿಸಬೇಡ. ಮಾದಪ್ಪನ ಪದಗಳಿಗೆ ಡಿಜೆ ಹಾಕಿ, ಹಾಡಿದವರ ಹೆಸರು ಒಂದು ಮೂಲೆಯಲ್ಲೂ ಇಲ್ಲದೆ ಲಕ್ಷಗಟ್ಟಲೆ ಜನ ನೋಡುವ ವಿಡಿಯೋಗಳನ್ನು ಕಂಡಾಗ ನನಗೆ ಸಿಟ್ಟು ಬರುತ್ತೆ. ಪದ ಊರಿನದೇ ಇರಬಹುದು, ಗಂಟಲು ಒಬ್ಬರದು.

ಇನ್ನು ಕೈಕೆಲಸದ ಮಾತು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕು, ಇಲ್ಲದಿದ್ದರೆ ಒಳ್ಳೇ ಸಾಲಿನ ನಡುವೆಯೇ ಕಾಲ್ ಬರುತ್ತೆ. ಫ್ಯಾನು, ಟಿವಿ ಆಫ್. ಕಲ್ಲಿನ ಪಕ್ಕ ನೆಲದ ಮೇಲೆ ಇಡಬೇಡ, ಗುಡುಗುಡು ಸದ್ದೇ ತುಂಬುತ್ತೆ. ಸ್ವಲ್ಪ ದೂರದಲ್ಲಿ ಸ್ಟೂಲಿನ ಮೇಲೆ ಮಡಿಸಿದ ಟವೆಲ್ ಹಾಕಿ ಇಡು. ದನಿಯನ್ನು ಕುಗ್ಗಿಸದೆ ಇಡೋ ವೇವ್ (WAV) ಫಾರ್ಮ್ಯಾಟಿನಲ್ಲಿ ರೆಕಾರ್ಡ್ ಮಾಡೋ ಆಪ್ ಹಾಕಿಕೋ, ಮೋನೋದಲ್ಲಿ ಗಂಟೆಗೆ ಸುಮಾರು 350 ಎಂಬಿ ತಿನ್ನುತ್ತೆ, ತಿನ್ನಲಿ. ಶುರುವಿನಲ್ಲೇ ತಾರೀಖು, ಊರು, ಹಾಡುವವರ ಹೆಸರು, ತವರು ನಿನ್ನ ಬಾಯಲ್ಲೇ ಹೇಳಿಬಿಡು, ಫೈಲಿನ ಹೆಸರು ಬದಲಾದರೂ ಆ ದನಿ ಒಳಗೇ ಇರುತ್ತೆ. ಅವತ್ತೇ ರಾತ್ರಿ ಇನ್ನೊಂದು ಕಡೆ ಕಾಪಿ ಮಾಡು. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಮೂಲ ಅಂದುಕೊಳ್ಳಬೇಡ. ಮತ್ತೆ ಒಂದು ಪ್ರತಿ ಅಜ್ಜಿಗೆ, ಪೆನ್‌ಡ್ರೈವಿನಲ್ಲಿ, ಅವಳ ರೇಡಿಯೋಗೆ ಸಿಕ್ಕಿಸಿ ಕೇಳೋ ಹಾಗೆ. ತನ್ನ ದನಿ ತಾನೇ ಕೇಳಿದರೆ "ಅಯ್ಯೋ, ಇಲ್ಲಿ ಒಂದು ಸಾಲು ಬಿಟ್ಟಿದ್ದೀನಿ" ಅಂತ ಅವಳೇ ಕರೆದು ಹೇಳುತ್ತಾಳೆ.

ಶಿವರಾತ್ರಿಗೆ ಊರಿಗೆ ಬರುತ್ತೀನಿ ಅಂದಿದ್ದೀಯ. ಆದರೆ ಹಬ್ಬದ ದಿನ ಮನೆ ತುಂಬಾ ಜನ, ಮಾದಪ್ಪನ ಬೆಟ್ಟಕ್ಕೆ ಹೋಗುವ ಗಲಾಟೆ, ಯಾರಿಗೂ ಪುರುಸೊತ್ತಿರೋದಿಲ್ಲ. ಹಬ್ಬ ಕಳೆದ ಮೇಲೆ ಇನ್ನೆರಡು ದಿನ ರಜೆ ಹಾಕು. ನಾನೂ ಬರುತ್ತೇನೆ, ಮೈಕು ತರುತ್ತೇನೆ. ನೀನು ರಾಗಿಕಲ್ಲಿನ ಗೂಟ ಗಟ್ಟಿಯಾಗಿದೆಯಾ ಅಂತ ಅಪ್ಪನಿಗೆ ಫೋನ್ ಮಾಡಿ ಈಗಲೇ ಕೇಳು. ಸಡಿಲವಾಗಿದ್ದರೆ ಆಚಾರಿಗೆ ಹೇಳಿ ಮಾಡಿಸೋಕೆ ಟೈಮ್ ಬೇಕಲ್ಲ.

ಇಂತಿ ನಿನ್ನ ಗೆಳೆಯ